ಕಳೆದುಹೋದ ಅರ್ಧ ಗ್ರಹಣ

ಕಾರ್ಡ್ ಇರಲಿಲ್ಲ.

ಗಂಗೋತ್ರಿ ರೆಕಾರ್ಡರಿನ ಖಾಲಿ ಸಂದಿಗೆ ಬೆರಳಿಟ್ಟು ನೋಡಿದಳು. ಇಲ್ಲ. ಈಗಷ್ಟೇ ಕರೆಂಟ್ ಹೋಗಿತ್ತು, ಕೆಳಗೆ ಓಡಿದ್ದಳು, ಯಾರೋ ಮೇನ್ ಸ್ವಿಚ್ ಇಳಿಸಿದ್ದರು. ಅದನ್ನು ಏರಿಸಿ ಮಾಳಿಗೆಗೆ ಮರಳುವಷ್ಟರಲ್ಲಿ ಮೆಮೊರಿ ಕಾರ್ಡ್ ಮಾಯ. ಹಿಂಬದಿಗೆ ಕಬ್ಬಿಣದ ಏಣಿ. ಅದರಾಚೆ ಬಾಳೆತೋಟ. ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ.

ಮೇಲೆ ಸೂರ್ಯ ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದ. ಅಳಲು ಸಮಯವಿರಲಿಲ್ಲ. ಇನ್ನೊಂದು ಕಾರ್ಡ್ ತುರುಕಿದಳು.

ಕಡ್ಡಿರಾಂಪುರದ ಆ ಹೋಂಸ್ಟೇ ಮಾಳಿಗೆಯ ಮೇಲೆ ಅವಳು ಹಳೆಯ ಟೀವಿ ಡಿಶ್ ಒಂದನ್ನು ಸೂರ್ಯನತ್ತ ತಿರುಗಿಸಿಟ್ಟಿದ್ದಳು. ಚಂದ್ರ ಅಡ್ಡ ಬಂದಂತೆ ಸೂರ್ಯನ ರೇಡಿಯೋ ಅಲೆಗಳು ಕುಗ್ಗುತ್ತವೆ. ಗ್ರಾಫಿನ ಗೆರೆ ಇಳಿದು ಮತ್ತೆ ಏರುತ್ತದೆ. ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ರೇಡಿಯೋ ಖಗೋಳಶಾಸ್ತ್ರದ ಪಿಎಚ್‌ಡಿಗೆ ಒಂದೇ ಸೀಟು. ನಾಳೆ ಸಂದರ್ಶನ. ಸ್ವಂತ ವೀಕ್ಷಣೆಯ ಮೂಲ ದಾಖಲೆ ತೋರಿಸಲೇಬೇಕು. ಗ್ರಹಣ ಮುಗಿದಾಗ ಅವಳಲ್ಲಿ ಉಳಿದದ್ದು ಏರುವ ಅರ್ಧ ಮಾತ್ರ. ಅದನ್ನಷ್ಟೇ ತೋರಿಸಿದರೆ, ಬಿಸಿಲಿಗೆ ಡಿಶ್ ಕಾಯ್ದದ್ದಕ್ಕೆ ಗೆರೆ ಏರಿತು ಎಂದು ತಳ್ಳಿಹಾಕುತ್ತಾರೆ.

ಮಧ್ಯಾಹ್ನ ಪಿಎಸ್‌ಐ ಮರುಳಸಿದ್ದಮ್ಮ ಬಂದರು.

"ಬಂಗಾರ ಹೋದ್ರ ಬರ್ತೀವಿ, ಬೈಕ್ ಹೋದ್ರ ಬರ್ತೀವಿ. ಉಗುರಿನಷ್ಟು ಪ್ಲಾಸ್ಟಿಕ್ಕಿಗೆ ಬಂದಿದ್ದು ಇದ ಮೊದ್ಲು."

"ಹೊಸಾದು ತರಬೌದ್ರಿ ಮೇಡಂ. ಗ್ರಹಣ ಎಲ್ಲಿಂದ ತರ್ಲಿ?"

ಮರುಳಸಿದ್ದಮ್ಮ ನಗು ನಿಲ್ಲಿಸಿದರು. "ನೀ ರೆಕಾರ್ಡ್ ಮಾಡೋದು ಯಾರಿಗೆ ಗೊತ್ತಿತ್ತು?"

ಹೋಂಸ್ಟೇ ಒಡತಿ ದುರ್ಗಕ್ಕನಿಗೆ ಗೊತ್ತಿತ್ತು.

"ಗ್ರಹಣದ ದಿನ ಸೂರ್ಯಗ ಬುಟ್ಟಿ ಒಡ್ಡಬ್ಯಾಡ ಅಂದೆ. ಕೇಳ್ಲಿಲ್ರಿ ಈಕಿ."

"ಅದಕ್ಕ ಮೇನ್ ಇಳಿಸಿದ್ರೇನು?"

"ಅಯ್ಯ, ನಾನ್ಯಾಕ ಇಳಿಸ್ಲಿ? ಬಾಗ್ಲಾ ತಗದಿದ್ದು ಒಂದ ಸಲ. ಬೇವಿನ ಗಿಡದ ಕೆಳಗ ನೆಲದ ತುಂಬಾ ಕುಡುಗೋಲು ಚೆಲ್ಲಿದಂಗ ಬಿಸ್ಲು! ಎದಿ ಧಸಕ್ ಅಂತು. ಬಾಗ್ಲಾ ಬಡದು ದೇವರ ಮುಂದ ಕುಂತೆ."

ಎರಡನೆಯವನು ಸಹಪಾಠಿ ಮೌನೇಶ್. ಅದೇ ಸೀಟಿಗೆ ಅವನೂ ಅರ್ಜಿ ಹಾಕಿದ್ದ. ಮರುಳಸಿದ್ದಮ್ಮ ಅವನನ್ನು ಕರೆಸಿದರು.

"ಗ್ರಹಣದ ಹೊತ್ತಿನಾಗ ಎಲ್ಲಿದ್ದಿ?"

"ಹೊಸಪ್ಯಾಟ್ಯಾಗ್ರಿ. ರೂಮಿನಾಗ ಮಲಗಿದ್ದೆ."

"ಫಿಸಿಕ್ಸ್ ಓದಾಂವ ಗ್ರಹಣದಾಗ ಮಲಗ್ತಾನೇನಲೇ?"

ಮೌನೇಶ್ ತಲೆ ತಗ್ಗಿಸಿದ. "ಹೊರಗ ಕಾಲಿಡಬ್ಯಾಡ ಅಂತ ಅವ್ವ ಆಣಿ ಹಾಕಿದ್ಳ್ರಿ. ಕ್ಲಾಸಿನಾಗ ಯಾರಿಗೂ ಹೇಳಬ್ಯಾಡ್ರಿ."

ಅವನು ರೂಮಿನಲ್ಲಿದ್ದದ್ದನ್ನು ನೋಡಿದವರು? ಯಾರೂ ಇಲ್ಲ.

ಅಷ್ಟರಲ್ಲಿ ಗಂಗೋತ್ರಿಯ ಪ್ರಾಜೆಕ್ಟ್ ಗೈಡ್ ವಿಜಯಕುಮಾರ್ ಕಾರಿನಿಂದಿಳಿದರು. ಸಿಗ್ನಲ್ ಅಳೆಯುವುದನ್ನು ಅವಳಿಗೆ ಕಲಿಸಿದವರೇ ಅವರು.

"ಮೌನೇಶನ್ನ ಹೆದರಿಸಬ್ಯಾಡ್ರಿ ಮೇಡಂ. ಒಂದ ಸೀಟು. ಹುಡುಗ್ರಿಗೆ ಆಸೆ ಇರ್ತದ."

"ನೀವು ಎಲ್ಲಿದ್ರಿ ಸರ್?"

"ಕಂಪ್ಲಿಯಾಗ, ಅಕ್ಕನ ಮನಿ. ಗ್ರೂಪಿಗೆ ಫೋಟೊ ಹಾಕೀನಲ್ಲ."

ಮರುಳಸಿದ್ದಮ್ಮ ಗಂಗೋತ್ರಿಯ ಮೊಬೈಲ್ ಇಸಿದುಕೊಂಡರು. ಮರದ ನೆರಳಿನಲ್ಲಿ ವಿಜಯಕುಮಾರ್, ಗ್ರಹಣದ ಕನ್ನಡಕ, ಮುಖ ಆಕಾಶಕ್ಕೆ, ಬಿಳಿ ಅಂಗಿಯ ಮೇಲೆ ರೂಪಾಯಿ ನಾಣ್ಯಗಳಂಥ ಬಿಸಿಲು. ಅಡಿಯಲ್ಲಿ — 'ಈಗ, ಕಂಪ್ಲಿಯಿಂದ!' ಕರೆಂಟ್ ಹೋಗುವ ತುಸು ಮೊದಲು ಬಂದ ಸಂದೇಶ. ಅಷ್ಟು ದೂರದ ಕಂಪ್ಲಿಯಿಂದ ಅಷ್ಟರಲ್ಲಿ ಇಲ್ಲಿಗೆ ಹಾರಿ ಬರಲು ಸಾಧ್ಯವಿಲ್ಲ.

"ಹೋಗ್ಲಿ ಬಿಡು ಗಂಗೋತ್ರಿ," ಎಂದರು ವಿಜಯಕುಮಾರ್. "ಈ ವರ್ಷ ನಮ್ಮ ಲ್ಯಾಬಿನಾಗ ಇರು. ಪ್ರಾಜೆಕ್ಟ್ ಮುಗಸೋಣ. ಮುಂದಿನ ವರ್ಷ ನೋಡಿದ್ರಾತು."

ಮೌನೇಶ್ ಗೋಡೆಗೆ ಅಂಟಿ ನಿಂತಿದ್ದ.

ಮರುಳಸಿದ್ದಮ್ಮ ಬೇವಿನ ಮರದ ಕೆಳಗೆ ಹೋಗಿ ನೆಲ ನೋಡುತ್ತ ನಿಂತರು. ತುಂಬ ಹೊತ್ತು.

"ತಂಗಿ, ದುರ್ಗಕ್ಕ ಅಂಜಿ ಏನರ ಕಂಡ್ಳೋ — ಇಲ್ಲಾ ಖರೇನ ಕುಡುಗೋಲು ಬಿದ್ದಿದ್ವೋ?"

"ಖರೇರಿ. ಎಲಿ ನಡುವಿನ ಒಂದೊಂದು ಸಂದಿನೂ ಸೂರ್ಯನ ಚಿತ್ರ ಬಿಡಸ್ತೈತಿ. ಸೂರ್ಯ ದುಂಡಗಿದ್ರ ದುಂಡಗ. ಮುಚ್ಚಿದ್ರ ಕುಡುಗೋಲಿನಂಗ."

"ಕಂಪ್ಲಿಯಾಗೂ?"

"ಕಂಪ್ಲಿಯಾಗೂ ಅಷ್ಟ—" ಗಂಗೋತ್ರಿಯ ದನಿ ಅಲ್ಲೇ ನಿಂತಿತು. ಅವಳು ತನ್ನ ಗೈಡ್‌ನತ್ತ ತಿರುಗಿದಳು.

ಮರುಳಸಿದ್ದಮ್ಮ ಫೋಟೊ ದೊಡ್ಡದು ಮಾಡಿ ಹಿಡಿದರು. "ನಿಮ್ಮ ಅಂಗಿ ನೋಡ್ರಿ ಸರ್. ಎಲ್ಲಾ ದುಂಡನ ಬಿಸ್ಲು. ಕಂಪ್ಲಿ ಸೂರ್ಯಗ ಗ್ರಹಣ ಹಿಡಿಲಿಲ್ಲೇನು?"

ವಿಜಯಕುಮಾರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಮೆಸೇಜು ಗ್ರಹಣದಾಗಿಂದು," ಎಂದರು ಮರುಳಸಿದ್ದಮ್ಮ. " ಫೋಟೊ ಗ್ರಹಣಕ್ಕಿಂತ ಮೊದ್ಲಿಂದು. ಎಲ್ಲಾರೂ ಟೈಮ್ ನೋಡಿದ್ರು, ಅಂಗಿ ನೋಡ್ಲಿಲ್ಲ. ಬಾಳಿತೋಟದಾಗ ನಿಂತು ಅದನ್ನ ಕಳಿಸಿ, ಮೇನ್ ಇಳಿಸಿ, ಈಕಿ ಕೆಳಗ ಬಂದಾಗ ಏಣಿ ಹತ್ತಿದವ್ರು ನೀವ."

ವಿಜಯಕುಮಾರ್ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ತೆರೆದರು. ಕಾರ್ಡ್ ಅದರೊಳಗಿತ್ತು.

"ಮುರೀಬೇಕಂತ ತಗೊಂಡೆ. ಕಾರಿನಾಗ ಕುಂತು ಗೆರೆ ನೋಡಿದೆ. ಭಾಳ ಚಂದ ಬಂದಿತ್ತು. ಮುರಿಯಾಕಾಗಲಿಲ್ಲ."

"ತಗೊಂಡದ್ದು ಯಾಕ ಸರ್?"

"ನೀ ಹೋದ್ರ ನನ್ನ ಪ್ರಾಜೆಕ್ಟ್ ಮಾಡಾವ್ರು ಯಾರು?"

ಗಂಗೋತ್ರಿ ಕಾರ್ಡ್ ಕಸಿದುಕೊಂಡು ಲ್ಯಾಪ್‌ಟಾಪಿಗೆ ಹಾಕಿದಳು. ಗೆರೆ ಇಳಿಯಿತು. ಕಡಿಯಿತು. ಒಂದಿಷ್ಟು ಖಾಲಿ ಜಾಗ. ಮತ್ತೆ ಏರಿತು. ಮೌನೇಶ್ ಕತ್ತು ಚಾಚಿ ನೋಡಿ, "ಸೀಟು ನಿಂದ ಬಿಡು," ಎಂದ.

"ಈ ಖಾಲಿ ಜಾಗ ಏನು ಅಂತ ನಾಳೆ ಕೇಳಿದ್ರ?" ಎಂದರು ಮರುಳಸಿದ್ದಮ್ಮ.

"ಇದ್ದದ್ದ ಹೇಳ್ತೀನ್ರಿ. ಅಷ್ಟೊತ್ತು ನಮ್ಮ ಗೈಡ್ ಅಡ್ಡ ಬಂದಿದ್ರು ಅಂತ."