ಬಿಟ್ಟುಹೋದ ಗುಂಡಿನ ಸರ

ತಿಜೋರಿ ತೆರೆದ ಕೊಟ್ರಬಸಮ್ಮ ಅಲ್ಲೇ ಕುಸಿದು ಕುಳಿತರು. ಬಳೆ ಇಲ್ಲ, ಡಾಬು ಇಲ್ಲ, ತವರಿನವರು ಹಾಕಿದ್ದ ಕಾಸಿನ ಸರ ಇಲ್ಲ. ಬೀಗ ಮಾತ್ರ ಗಟ್ಟಿಯಾಗಿತ್ತು.

ಅವರ ಗಂಡ ತೋಟಪ್ಪ ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರ. ಓಡಿಬಂದವರು ಹಿಂದೆಮುಂದೆ ನೋಡಲಿಲ್ಲ. ಅಡುಗೆಯ ಪಕೀರಮ್ಮನನ್ನು ಹೊರಗೆ ಕರೆದು, ಓಣಿಗೆಲ್ಲ ಕೇಳುವಂತೆ ಕಳ್ಳಿ ಎಂದರು. ಠಾಣೆಗೂ ಅವಳ ಮೇಲೆ ದೂರು ಕೊಟ್ಟರು.

ಪಿಎಸ್‌ಐ ಭವ್ಯ ಬರುವಷ್ಟರಲ್ಲಿ ಓಣಿ ತೀರ್ಪು ಕೊಟ್ಟಾಗಿತ್ತು. ಬಡವರ ಮೇಲೆ ಗೂಬೆ ಕೂರಿಸಲು ಊರಿಗೆ ಸಾಕ್ಷಿ ಬೇಕಿಲ್ಲ. ಪಕೀರಮ್ಮನನ್ನು ಜೀಪು ಹತ್ತಿಸಿದರೆ ಮುಂದೆ ಯಾವ ಮನೆಯವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಭವ್ಯ ಹತ್ತಿಸಲಿಲ್ಲ.

"ಕೀಲಿ ಯಾರ ಹತ್ರ ಇರ್ತಾವ್ರಿ ಅಮ್ಮ?"

"ಒಂದು ನನ್ನ ಹತ್ರ. ಇನ್ನೊಂದು ಗಿರಣಿ ಆಫೀಸಿನ ಡ್ರಾದಾಗ. ಪಕೀರಮ್ಮ ದಿನಾ ಅಲ್ಲಿಗೆ ಬುತ್ತಿ ಒಯ್ತಾಳ," ಎಂದರು ಕೊಟ್ರಬಸಮ್ಮ.

ತಿಜೋರಿಯೊಳಗೆ ಮೇಲಿನ ಹಲಗೆಯಲ್ಲಿ ದಪ್ಪನೆಯ ಗುಂಡಿನ ಸರವೊಂದು ಎದ್ದು ಕಾಣುವಂತೆ ಉಳಿದಿತ್ತು. ಎಲ್ಲಕ್ಕಿಂತ ಭಾರವಾದದ್ದು ಅದೇ.

"ಇದು ಯಾರದ್ರಿ?"

"ನಮ್ಮತ್ತಿದು. ತೀರಿಹೋಗ್ಯಾರ."

ಕಳ್ಳ ತೂಕ ನೋಡುತ್ತಾನೆ. ಅತ್ತೆಯದು, ಸೊಸೆಯದು ಎಂದು ವಿಂಗಡಿಸುವುದಿಲ್ಲ. ಈ ಸರ ಮುಟ್ಟಲು ಯಾರಿಗೋ ಮನಸ್ಸು ಬಂದಿಲ್ಲ.

*

ಅಜ್ಜಿಯ ಮುದ್ದಿನ ಮೊಮ್ಮಗ ವೀರೇಶ್, ತೋಟಪ್ಪನವರ ಮಗ. ಸಂಡೂರಿನ ಗಣಿಯಲ್ಲಿ ಕೆಲಸ, ಹೊಸ ಬೈಕು. ಭವ್ಯ ಸಂಡೂರಿಗೆ ಜೀಪು ಓಡಿಸಿದಳು.

"ಬೈಕಿನ ಕಂತು ಪಗಾರದಾಗ ಕಟ್ ಆಗ್ತದ ಮೇಡಂ. ಯುಗಾದಿಗೆ ಅವ್ವ ಬಂಗಾರ ಹಾಕ್ಕೊಂಡಿದ್ಲು. ಆಮ್ಯಾಲ ನಾನು ಊರಿಗೇ ಹೋಗಿಲ್ಲ."

ಗಣಿಯ ಮೇಸ್ತ್ರಿಯೂ ಅದನ್ನೇ ಹೇಳಿದ. ಭವ್ಯ ಜೀಪು ಹತ್ತುವಾಗ ವೀರೇಶ್ ನಕ್ಕ. "ಅಪ್ಪಾರ ಹತ್ರ ಬೈಕಿಗೆ ರೊಕ್ಕ ಕೇಳಿದ್ರ ಇಲ್ಲ ಅಂದ್ರು. ಶೇರ್ನಾಗ ಭಾಳ ಲಾಭ ಬಂತಂತ ಊರಿಗೆಲ್ಲ ಹೇಳ್ತಾರ."

*

ಗಿರಣಿಯ ಗೋದಾಮಿನಲ್ಲಿ ಸೂರು ಮುಟ್ಟುವಂತೆ ಭತ್ತದ ಚೀಲ.

"ಹೋದ ವರ್ಷದ ನೆಲ್ಲು ಇನ್ನೂ ಇಟ್ಟೀರಲ್ರಿ ಸಾವ್ಕಾರ್ರ?" ಭವ್ಯ ಕೇಳಿದಳು.

ತೋಟಪ್ಪ ಮೀಸೆ ಸವರಿಕೊಂಡರು. "ರೇಟ್ ಬಿದ್ದಾಗ ಮಾರಿದವ ಗಿರಣಿ ನಡೆಸಂಗಿಲ್ಲ ಮೇಡಂ. ಬಿದ್ದಾಗ ಇನ್ನಷ್ಟು ಕೊಂಡು ಒಟ್ಟಬೇಕು."

"ಶೇರ್ನಾಗೂ ಹಂಗನ?"

"ಎಲ್ಲಾ ಯಾಪಾರ ಒಂದೇ." ಮಾರಿ ಲಾಭ ಮಾಡಿದ ಶೇರುಗಳ ಹೆಸರನ್ನು ಗಿಣಿಪಾಠದಂತೆ ಒಪ್ಪಿಸಿದರು.

"ಅವೆಲ್ಲ ಮಾರಿದ್ರಿ. ಇನ್ನೂ ಇಟ್ಕೊಂಡಿದ್ದು ಯಾವ್ರಿ?"

ಮೀಸೆಯ ಮೇಲಿನ ಕೈ ಕೆಳಗಿಳಿಯಿತು. ಭವ್ಯ ಅಲ್ಲಿಂದ ನೇರ ಹೊಸಪೇಟೆಗೆ ಹೋಗಿ, ಬಂಗಾರದ ಮೇಲೆ ಸಾಲ ಕೊಡುವ ಅಂಗಡಿಗಳ ಮೆಟ್ಟಿಲು ಹತ್ತಿದಳು.

*

ಮರುದಿನ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಪಕೀರಮ್ಮ ಮಾತ್ರ ಹೊಸ್ತಿಲಾಚೆ ನಿಂತಿದ್ದಳು.

"ಬಂಗಾರ ತಗೊಂಡವ್ರು ನೀವ ಸಾವ್ಕಾರ್ರ," ಎಂದಳು ಭವ್ಯ. "ಲಾಭದ ಶೇರ್ ಜಲ್ದಿ ಮಾರಿ ಊರಿಗೆಲ್ಲ ಹೇಳಿದ್ರಿ. ನಷ್ಟದ್ದು ಮಾರಿದ್ರ ಸೋತಂಗ ಅಂತ ಇಟ್ಕೊಂಡ್ರಿ, ಬಿದ್ದಷ್ಟೂ ಕೊಂಡ್ರಿ. ನೆಲ್ಲಿಗೆ ಸುಗ್ಗಿ ಮುಗಿದ ಮ್ಯಾಲ ರೇಟ್ ಬರ್ತದ. ಮುಳುಗೋ ಕಂಪನಿಗೆ ಯಾವ ಸುಗ್ಗಿರಿ? ಕೈಯಾಗಿನ ರೊಕ್ಕ ತೀರಿತು, ಹೆಂಡ್ತಿ ಬಂಗಾರ ಹೊಸಪೇಟ್ಯಾಗ ಒತ್ತೆ ಬಿತ್ತು. ಅಂಗಡಿಯವ್ರು ಗುರುತು ಹೇಳ್ಯಾರ. ನಿಮ್ಮವ್ವನ ಸರಕ್ಕ ಮಾತ್ರ ನಿಮ್ಮ ಕೈ ಹೋಗ್ಲಿಲ್ಲ. ಅದ ನಿಮ್ಮನ್ನ ಹಿಡಕೊಟ್ತು."

ತೋಟಪ್ಪನವರ ದನಿ ಉಡುಗಿತ್ತು. "ಅಸಲು ಬಂದ ಕೂಡ್ಲೇ ಬಿಡಿಸಿ ತಂದಿಡ್ತಿದ್ದೆ. ಅಷ್ಟ್ರಾಗ ಇವಳು ತಿಜೋರಿ ತಗದ್ಲು. ಮರ್ಯಾದಿಗೆ ಅಂಜಿದೆ."

"ಪಕೀರಮ್ಮಗ ಮರ್ಯಾದಿ ಇಲ್ಲೇನ್ರಿ?" ಕೊಟ್ರಬಸಮ್ಮ ಎದ್ದು ನಿಂತರು. "ಆ ಶೇರ್ ಇವತ್ತ ಮಾರ್ರಿ, ಬಂದಷ್ಟು ಬರ್ಲಿ. ಹಳೇ ನೆಲ್ಲೂ ಮಾರ್ರಿ. ನನ್ನ ಬಂಗಾರ ಮನಿಗೆ ಬರ್ಲಿ."

"ಸುಳ್ಳು ದೂರಿನ ಕೇಸು ಬ್ಯಾರೆ ನಡೀತದ," ಎಂದಳು ಭವ್ಯ.

ತೋಟಪ್ಪ ಬಾಗಿಲಿಗೆ ಬಂದರು. "ಒಳಗ ಬಾ ಪಕೀರಮ್ಮ. ತಪ್ಪಾತು."

"ಒಳಗ ಬ್ಯಾಡ್ರಿ ಸಾವ್ಕಾರ್ರ. ಓಣ್ಯಾಗ ಕಳ್ಳಿ ಅಂದ್ರಿ. ಓಣ್ಯಾಗ ಹೇಳ್ರಿ."

ಸಾಹುಕಾರರು ಬೀದಿಗಿಳಿದು ಕೈಮುಗಿದರು. "ಪಕೀರಮ್ಮ ಕಳ್ಳಿ ಅಲ್ಲ. ಕದ್ದವ ನಾನು."

ಎದುರು ಕಟ್ಟೆಯ ಮುದುಕಿ ಹೊಳೆಮ್ಮ ಕಿವಿಗೆ ಕೈ ಇಟ್ಟಳು. "ಕೇಳ್ಲಿಲ್ಲಪ್ಪ ತೋಟಪ್ಪ. ಅವತ್ತಿನಷ್ಟು ಗಟ್ಟಿ ಹೇಳು."

ತೋಟಪ್ಪ ಮತ್ತೆ ಗಟ್ಟಿಯಾಗಿ ಹೇಳಿದರು. ಪಕೀರಮ್ಮ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ಓಣಿಯ ನಟ್ಟನಡುವೆ ನಡೆದುಹೋದಳು.