ಇಸ್ಕ್ರಾಳ ಪಾಲು

ಸ್ಪಾಸ್‌ನನ್ನು ನಾನು ಮೊದಲು ನೋಡಿದ್ದು ಲಾರಿಯ ಕನ್ನಡಿಯಲ್ಲಿ. ಗೊರ್ನಾ ಲಿವಾದಾ ಊರಿನ ಒಂದೇ ಒಂದು ಅಂಗಡಿಯ ಮುಂದೆ ನಾನು ಬೆವರು ಸುರಿಸಿಕೊಂಡು ರಿವರ್ಸ್ ತೆಗೆಯುತ್ತಿದ್ದೆ. ಅವನು ಕೈ ಕಟ್ಟಿಕೊಂಡು, ಪುಕ್ಕಟೆ ಸಿನಿಮಾ ಸಿಕ್ಕವನ ಹಾಗೆ ನೋಡುತ್ತಾ ನಿಂತಿದ್ದ.

"ಅವಸರ ಮಾಡ್ಬೇಡಿ," ಎಂದ. "ಗೋಡೆ ನೂರು ವರ್ಷದಿಂದ ಅಲ್ಲೇ ಇದೆ, ಎಲ್ಲಿಗೂ ಓಡಿಹೋಗಲ್ಲ."

"ನೀವು ಆಚೆ ಸರಿದ್ರೆ ಗೋಡೆಗೆ ಮಾತ್ರ ಏಟು ಬೀಳುತ್ತೆ," ಎಂದೆ.

ಅವನು ನಕ್ಕ. ಮೊದಲು ತುಟಿಯ ಎಡತುದಿ ನಗುತ್ತದೆ, ಬಲತುದಿ ಯೋಚನೆ ಮಾಡಿ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಆ ನಡುವಿನ ಗಳಿಗೆಯಲ್ಲಿ ನಾನು ಬಿದ್ದೆ, ಸುಳ್ಳೇಕೆ ಹೇಳಲಿ.

ಲೈಸೆನ್ಸ್ ಸಿಕ್ಕಿ ಆಗ ಒಂದೇ ವರ್ಷ. ವರ್ಷವಿಡೀ ದೂರದ ಓಟ: ನಮ್ಮ ವಿದಿನ್ ಪಟ್ಟಣದಿಂದ ಜರ್ಮನಿ, ಅಲ್ಲಿಂದ ಸ್ಪೇನ್, ಮೂರು ಮೂರು ವಾರ ಕ್ಯಾಬಿನ್ನಿನಲ್ಲೇ ನಿದ್ದೆ. ಒಂದು ಬೆಳಿಗ್ಗೆ ಎದ್ದಾಗ ಯಾವ ದೇಶದಲ್ಲಿದ್ದೇನೆಂದು ತಿಳಿಯಲಿಲ್ಲ. ಕೇಳೋಣವೆಂದರೆ "ನೆವೇನಾ" ಎಂದು ನನ್ನ ಹೆಸರು ಹಿಡಿದು ಕೂಗುವವರು ಸುತ್ತಮುತ್ತ ಒಬ್ಬರಿಲ್ಲ. ನಮಗೆ ರೂಟು ಹಂಚುವ ಪೆಂಚೋ ಅಣ್ಣನಿಗೆ ಅಂದೇ ಫೋನು ಮಾಡಿ, ಹತ್ತಿರದ ರೂಟು ಕೊಡು ಎಂದೆ. ದಿನಕ್ಕೆ ಹತ್ತು ಕಡೆ ರಿವರ್ಸು, ಹತ್ತು ಜನರ ಗೊಣಗಾಟ, ಮೂರು ತಿಂಗಳು ನೋಡಿ ಖಡಾಖಂಡಿತ ಹೇಳು ಎಂದ.

ಹೀಗೆ ಮಂಗಳವಾರ, ಶುಕ್ರವಾರ ಹಿಟ್ಟು, ಎಣ್ಣೆ, ಕೋಳಿಯ ಆಹಾರ ಹೇರಿಕೊಂಡು ಬೆಟ್ಟದ ಹಳ್ಳಿಗಳಿಗೆ ಹೋಗತೊಡಗಿದೆ. ಕೊನೆಯದು ಗೊರ್ನಾ ಲಿವಾದಾ. ಅಲ್ಲಿ ಬದುಕಿರುವವರು ಹನ್ನೊಂದು ಜನ. ಉಳಿದವರೆಲ್ಲ ಬಾಗಿಲುಗಳ ಮೇಲೆ: ತೀರಿಕೊಂಡವರ ಫೋಟೋ ಹಾಕಿ ಅಚ್ಚು ಮಾಡಿಸಿದ ಹಾಳೆಗಳು, ಸತ್ತು ನಲವತ್ತು ದಿನವಾದಾಗ ಒಂದು, ವರ್ಷವಾದಾಗ ಒಂದು. ಲಾರಿ ಹೋಗುವಾಗ ಬೀದಿಯುದ್ದಕ್ಕೂ ಅವರೇ ನನ್ನನ್ನು ನೋಡುತ್ತಿದ್ದರು. ದೂರದ ಓಟದಲ್ಲಿ ಕಂಡ ಮುಖ ಮತ್ತೆ ಕಾಣುವುದಿಲ್ಲ. ಇಲ್ಲಿ ಅವೇ ಮುಖಗಳು ವಾರಕ್ಕೆರಡು ಸಲ ಕಾಣುತ್ತಿದ್ದವು.

ಅಂಗಡಿ ಸ್ಪಾಸ್‌ನದು. ಅವನು ರಸೀದಿಗೆ ಸಹಿ ಹಾಕುವಾಗ ನಮ್ಮ ಬೆರಳುಗಳು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಲ್ಲತೊಡಗಿದವು. ಎರಡನೇ ವಾರಕ್ಕೆ "ನೀವು" ಹೋಗಿ "ನೀನು" ಬಂತು. ಆಮೇಲೆ ಪ್ರತಿ ಶುಕ್ರವಾರ ಹೊರಡುವಾಗ ಕಿಟಕಿಯೊಳಗೆ ಒಂದು ಪೊಟ್ಟಣ ಕೊಡುತ್ತಿದ್ದ. ಅದರಲ್ಲಿ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ, ಇನ್ನೂ ಬಿಸಿ. ಥ್ಯಾಂಕ್ಸ್ ಎನ್ನುತ್ತಿದ್ದೆ. ಇನ್ನೇನೋ ಮಾತಿಗೆ ಕಾದವನಂತೆ ನಿಂತು, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ. ನಾಚಿಕೆ ಎಂದುಕೊಂಡು ಅದನ್ನೂ ಪ್ರೀತಿಸಿದೆ.

ಸೀಟು ಕೂಗತೊಡಗಿದ್ದು ಮೊದಲ ಪೊಟ್ಟಣದ ದಿನವೇ. ಪಕ್ಕದ ಸೀಟಿನಲ್ಲಿ ಯಾರಾದರೂ ಬೆಲ್ಟು ಹಾಕದೆ ಕೂತರೆ ಬರುವ ಬೀಪ್ ಅದು. ಸೀಟು ಖಾಲಿ, ಪೊಟ್ಟಣ ಇದ್ದದ್ದು ನನ್ನ ತೊಡೆಯ ಮೇಲೆ. ಊರಿನ ಕೊನೆಯ ಮನೆಯಿಂದ ಶುರುವಾಗಿ ಬೆಟ್ಟದ ತಿರುವಿನಲ್ಲಿ ತಾನಾಗಿ ನಿಲ್ಲುತ್ತಿತ್ತು, ಯಾರೋ ತಮ್ಮ ಸ್ಟಾಪಿನಲ್ಲಿ ಇಳಿದಂತೆ. ಮೆಕ್ಯಾನಿಕ್ ಸೀಟು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಎಂದ.

ಎಂಟನೇ ಪೊಟ್ಟಣದ ಶುಕ್ರವಾರ ತಿರುವು ಬಂದರೂ ಬೀಪ್ ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನ, ಆದರೂ ಮಂಜು. ಲಾರಿ ನಿಲ್ಲಿಸಿ, ಪೊಟ್ಟಣ ಹಿಡಿದುಕೊಂಡೇ ಇಳಿದೆ. ರಸ್ತೆಗೆ ಅಂಟಿಕೊಂಡೇ ಸ್ಮಶಾನವಿತ್ತು. ಮೊದಲ ಸಾಲಿನ ಕಲ್ಲಿನಲ್ಲಿ ಎರಡು ಫೋಟೋ: ಒಬ್ಬಳು ಹೆಂಗಸು, ಇಸ್ಕ್ರಾ. ಪಕ್ಕದಲ್ಲಿ ಎಡತುಟಿಯಲ್ಲಿ ನಗುತ್ತಿರುವ ಸ್ಪಾಸ್.

ಗಂಡಹೆಂಡಿರನ್ನು ಒಂದೇ ಕಲ್ಲಿಗೆ ಕೆತ್ತಿಸಿ, ಇನ್ನೂ ಬದುಕಿರುವವರು ಸಾಯುವ ಇಸವಿಗೆ ಜಾಗ ಬಿಡುವುದು ನಮ್ಮಲ್ಲಿ ವಾಡಿಕೆ. ಗೊತ್ತಿದ್ದೂ ಒಂದು ಹೆಜ್ಜೆ ಹಿಂದೆ ಸರಿದೆ. ಹುಟ್ಟಿದ ಇಸವಿಯ ಮುಂದೆ ನುಣುಪಾದ ಖಾಲಿ ಜಾಗ ಅವನಿಗಾಗಿ ಕಾಯುತ್ತಿತ್ತು.

ಪಕ್ಕದ ಗೋರಿಗೆ, ಸತ್ತವರ ಪಾಲೆಂದು, ವೈನ್ ಸುರಿಯುತ್ತಿದ್ದ ಅಂಗಡಿ ಬೀದಿಯ ವೇಲಾ ಅಜ್ಜಿ ನನ್ನ ಕೈಯ ಪೊಟ್ಟಣ ನೋಡಿದಳು. ಸ್ಪಾಸ್ ಶುಕ್ರವಾರ ಹೆಂಡತಿಯ ಹೆಸರಿನಲ್ಲಿ ಬೇಯಿಸಿ ದಾರಿಹೋಕರಿಗೆ ಹಂಚುತ್ತಾನೆ, ಅದು ಅವಳ ಎಡೆ ಎಂದಳು.

"ಸತ್ತೋರ ಎಡೆ ತಿನ್ನೋ ಮುಂಚೆ 'ದೇವ್ರು ಅವಳನ್ನ ಕ್ಷಮಿಸ್ಲಿ' ಅನ್ಬೇಕು ಮಗಳೇ. ಅಂದಿದ್ಯಾ?"

ನಾನು ಥ್ಯಾಂಕ್ಸ್ ಎಂದಿದ್ದೆ. ಏಳು ವಾರ ಸತ್ತವಳ ಪಾಲನ್ನು ಪ್ರೀತಿಯೆಂದುಕೊಂಡು, ಬೆರಳು ನೆಕ್ಕಿಕೊಂಡು ತಿಂದಿದ್ದೆ. ಅವಮಾನಕ್ಕೆ ಕಣ್ಣು ಉರಿಯಿತು. ದೂರದ ರೂಟಿಗೇ ಹೋಗುತ್ತೇನೆ ಎಂದು ಅಲ್ಲಿಂದಲೇ ಪೆಂಚೋ ಅಣ್ಣನಿಗೆ ಹೇಳಿದೆ. ಮೂರು ತಿಂಗಳು ಮುಗಿಯುವುದು ಮಂಗಳವಾರ, ಅಂದು ಇನ್ನೊಮ್ಮೆ ಕೇಳುತ್ತೇನೆ ಎಂದ.

ಮಂಗಳವಾರ ಮೂಟೆ ಇಳಿದ ಮೇಲೆ ಸ್ಪಾಸ್‌ನನ್ನು ನೇರ ಕೇಳಿದೆ. ನಾನು ನಿನಗೆ ಬರೀ ದಾರಿಹೋಕಳೇ, ಹಾಗಿದ್ದರೆ ದೂರದ ರೂಟಿಗೆ ಹೋಗುತ್ತೇನೆ ಎಂದೆ. ಅವನು ರಸೀದಿ ಮಡಚಿ ಜೇಬಿಗಿಟ್ಟ.

"ಏಳು ಸಲ ಅವಳ ಹೆಸರಲ್ಲೇ ಕೊಟ್ಟೆ, ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ," ಎಂದ. "ಹೋದ ಶುಕ್ರವಾರ ಹಿಟ್ಟು ನಾದ್ತಾ ನಿನ್ನನ್ನೇ ನೆನೀತಿದ್ದೆ. ಅವಳ ಹೆಸರು ಹೇಳೋದೇ ಮರ್ತೋಯ್ತು, ನೆವೇನಾ. ಅದು ಪೂರ್ತಿ ನಿನ್ನದೇ."

ಎದೆ ಹೂವಾಗಬೇಕಿತ್ತು, ಬೆನ್ನಲ್ಲಿ ಚಳಿ ಹುಟ್ಟಿತು. ಬೀಪ್ ನಿಲ್ಲದೇ ಹೋದದ್ದು ಅಂದೇ. ಆ ದಿನ ಅವಳ ಪಾಲು ಅವಳಿಗೆ ಸಿಕ್ಕಿರಲಿಲ್ಲ.

ಸ್ಪಾಸ್ ಒಳಗಿನಿಂದ ಉಳಿ, ಸುತ್ತಿಗೆ ತಂದ. "ಕಲ್ಲಿಂದ ನನ್ನ ಫೋಟೋ ಕಿತ್ಬಿಡ್ತೀನಿ, ಆಗಲಾದ್ರೂ ಇರ್ತೀಯಾ?" ಎಂದ. ಉತ್ತರಕ್ಕೆ ಕಾಯದೆ ಸ್ಮಶಾನದ ಕಡೆ ಹೊರಟ. ಅವನ ಹಿಂದೆಯೇ ತಿರುವಿನವರೆಗೆ ಹೋದೆ.

ಉಳಿ ಕಲ್ಲಿಗೆ ತಾಗಿದಾಗ ಸುತ್ತಲಿನ ಹಕ್ಕಿಗಳು ಸುಮ್ಮನಾದವು. ನಾನು ಅವನ ಮಣಿಕಟ್ಟು ಹಿಡಿದೆ. ಅಷ್ಟರಲ್ಲಿ ಫೋನು ಅದುರಿತು, ಪೆಂಚೋ ಅಣ್ಣ. ಹತ್ತಿರದ ರೂಟೇ ಇರಲಿ ಅಣ್ಣಾ ಎಂದು ಇಟ್ಟೆ.

ಆಮೇಲೆ ಕಲ್ಲಿನ ಮುಂದೆ ಕುಳಿತು, ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ: "ದೇವ್ರು ನಿನ್ನನ್ನ ಕ್ಷಮಿಸ್ಲಿ, ಇಸ್ಕ್ರಾ. ಅವನ ಫೋಟೋ ಇಲ್ಲೇ ಇರ್ಲಿ. ಸತ್ಮೇಲೆ ನಿನ್ನ ಪಕ್ಕಕ್ಕೇ ಬರ್ತಾನೆ, ನಾನು ಅಡ್ಡ ಬರಲ್ಲ. ಅಲ್ಲೀವರೆಗೆ ನನಗೆ ಬಿಟ್ಕೊಡು."

ಸ್ಪಾಸ್ ಅಳುತ್ತಿದ್ದ. ಅವಳು ಮಾತ್ರ ಫೋಟೋದಲ್ಲಿ ನಗುತ್ತಲೇ ಇದ್ದಳು. ಒಪ್ಪಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಕೈ ಹಿಡಿದುಕೊಂಡು ಊರ ಕಡೆ ನಡೆದೆ, ಹಿಂತಿರುಗಿ ನೋಡಲಿಲ್ಲ.