ಮಂಗಳ ಹಾಡದ ಊರು

ಕಾಗೆಗಳೂ ಶ್ರುತಿ ಹಿಡಿದು ಕೂಗುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಕಿನ್ನರಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಸಂಗೀತದ ಹುಚ್ಚು. ರಾಜನಿಗೇ ಹುಚ್ಚು ಎಂದ ಮೇಲೆ ಪ್ರಜೆಗಳಿಗೆ ಕೇಳಬೇಕೆ? ಮಜ್ಜಿಗೆ ಕಡೆಯುವ ಸೊಸೆ ತಾಳ ತಪ್ಪಿದರೂ ಅತ್ತೆಯಿಂದ ಬೈಸಿಕೊಳ್ಳುತ್ತಿದ್ದಳು.

ಆ ರಾಜ್ಯದಲ್ಲಿ ದೊಡ್ಡ ಹೆಸರು ಮಾಡಿದ ಕಲಾವಿದರು ಯಾರೂ ಮುದುಕರಾಗುತ್ತಿರಲಿಲ್ಲ. ಹಾಡುಗಾರ ಸೋಯಿದೇವ ಮೀಸೆ ದಟ್ಟವಾಗುವ ಮೊದಲೇ ಸತ್ತ. ಇಂದ್ರನ ಬಿಳಿಯಾನೆ ಬಂದು ಅವನನ್ನು ಸೊಂಡಿಲಲ್ಲಿ ಎತ್ತಿಕೊಂಡು ಹೋಯಿತು ಎಂದರು ಜನ. ವೀಣೆಯ ಜಕ್ಕಣಿ ತುಂಬು ಪ್ರಾಯದಲ್ಲಿ ಸತ್ತಳು. ಆಲದಮರದ ಬೇತಾಳಕ್ಕೆ ಆಯುಷ್ಯ ಕೊಟ್ಟು ಬೆರಳಿಗೆ ಮಾಯೆ ಪಡೆದಿದ್ದಳು ಎಂದರು. ಈ ಕತೆಗಳನ್ನು ಕಟ್ಟುತ್ತಿದ್ದವನು ಆಸ್ಥಾನದ ಕಥೆಗಾರ ಸವಿನುಡಿ ಮಾರಯ್ಯ. ಅವನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಊರ ಅಜ್ಜಂದಿರು ಹುಡುಗರಾಗಿದ್ದಾಗಲೂ ಅವನ ಕೂದಲು ಹೀಗೆಯೇ ಕಪ್ಪಗಿತ್ತಂತೆ. ಅವನ ಕತೆ ಕೇಳಿದವರು ಕಣ್ಣು ತುಂಬ ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದರು. ಅಷ್ಟು ಚಂದದ ಕತೆ ಇದ್ದಾಗ, ನಿಜವಾಗಿ ಯಾಕೆ ಸತ್ತರು ಎಂದು ಯಾರೂ ಕೇಳಲಿಲ್ಲ.

ಅದೇ ಊರಲ್ಲಿ ಚಾಗಲೆ ಎಂಬ ಮದ್ದಳೆಗಾರ್ತಿ ಇದ್ದಳು. ಸೋಯಿದೇವನ ಪಕ್ಕ ಕೂತು ನುಡಿಸಿದ್ದಳು, ಜಕ್ಕಣಿಯ ಪಕ್ಕ ಕೂತು ನುಡಿಸಿದ್ದಳು, ಈಗ ತಮ್ಮ ಕೇತನ ಪಕ್ಕ ಕೂತು ನುಡಿಸುತ್ತಿದ್ದಳು. ತಾಯಿಯಿಲ್ಲದ ಕೇತನನ್ನು ಸಾಕಿ ಬೆಳೆಸಿದವಳು ಅವಳೇ. ಕೇತ ಬಾಯಿಬಿಟ್ಟರೆ ಹೊಲದಲ್ಲಿ ಎತ್ತುಗಳು ನಿಂತು ಕೇಳುತ್ತಿದ್ದವು. ಅವನ ಹೆಸರು ಬೆಳೆದಷ್ಟೂ ಅಕ್ಕನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಸುತ್ತುತ್ತಿದ್ದಳು. ಕಂಬ, ಕೊಡ, ತನ್ನದೇ ಮಂಡಿ, ಸಿಕ್ಕಿದ್ದನ್ನೆಲ್ಲ ಅವಳ ಬೆರಳುಗಳು ಬಡಿಯುತ್ತಲೇ ಇರುತ್ತಿದ್ದವು.

ಒಂದು ಬೆಳಗ್ಗೆ ಬಾವಿಕಟ್ಟೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಕೇತನ್ನ ಕರ್ಕೊಂಡು ಹೋಗೋಕೆ ಹಂಸ ಬಂತಂತೆ ಕಣೆ! ಬೆಳ್ಳಿ ಕೊಕ್ಕಿನ ಹಂಸ. ಸವಿನುಡಿಯಪ್ಪ ಸಂತೇಲಿ ಹೇಳಿದ್ರು. ಕೇಳ್ತಾ ಕೇಳ್ತಾ ಅಳು ತಡೀಲಿಲ್ಲ."

ಚಾಗಲೆ ಕೊಡ ಕೆಳಗಿಟ್ಟಳು. "ಏನೇ ಹೇಳ್ತಿದ್ದೀಯ? ಅವನು ಮನೇಲಿ ಗೊರಕೆ ಹೊಡೀತಾ ಮಲಗಿದ್ದಾನೆ!"

"ಇವತ್ತು ಮಲಗಿದ್ದಾನೆ ಬಿಡವ್ವ," ಎಂದಳು ಆ ಹೆಂಗಸು, ಹಗ್ಗ ಸೇದುತ್ತಲೇ.

ಚಾಗಲೆ ಮನೆಗೆ ಓಡಿದಳು. ಕೇತ ಎದ್ದಿದ್ದ. ಬಿಳಿಯ ಮಡಿ ಉಟ್ಟು ಕನ್ನಡಿಯ ಮುಂದೆ ನಿಂತಿದ್ದ. ಮುದ್ದೆ ಮುಟ್ಟಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಕೆಂಡವಾಗಿತ್ತು.

"ಉಣ್ಣೋ," ಎಂದಳು.

"ಹಸಿವಿಲ್ಲ ಅಕ್ಕ. ನನ್ನ ಕತೆ ಕೇಳಿದೆಯಾ? ಹಂಸವಂತೆ!" ಕೇತ ನಕ್ಕ. "ದೊಡ್ಡವರೆಲ್ಲ ಹಾಗೇ ಹೋದರು. ನಾನೇನು ಹಂಪಯ್ಯನ ಹಾಗೆ ತೊಂಬತ್ತರವರೆಗೆ ಕೆಮ್ಮುತ್ತಾ ಕೂರಲೇ?"

ಅವನ ಮಾತಿಗಿಂತ ಆ ನಗುವೇ ಅವಳನ್ನು ಹೆಚ್ಚು ಹೆದರಿಸಿತು. ಮಾರನೆಯ ದಿನ ಅರಮನೆಯಲ್ಲಿ ಅವನ ಹಾಡಿನ ಕಚೇರಿ ಇತ್ತು.

ಹಂಪಯ್ಯನೆಂದರೆ ಆ ರಾಜ್ಯದ ಅತಿ ಕೆಟ್ಟ ಹಾಡುಗಾರ. ಅವನ ಮರಿಮಕ್ಕಳ ಮದುವೆಯೂ ಆಗಿತ್ತು. ಚಾಗಲೆ ಅವನಲ್ಲಿಗೆ ಹೋದಳು. "ಅಜ್ಜಾ, ನೀನು ಇಷ್ಟು ದಿನ ಬದುಕಿದ್ದು ಹೇಗೆ?"

"ನಾನು ಬಾಯಿ ತೆಗೆದ್ರೆ ಸಾಕು, ಜನ 'ಮಂಗಳ ಹಾಡಯ್ಯಾ, ಮನೆಗೆ ಹೋಗ್ಬೇಕು' ಅಂತಿದ್ರು," ಎಂದು ಹಂಪಯ್ಯ ಬೊಚ್ಚುಬಾಯಿ ಬಿಟ್ಟು ನಕ್ಕ. "ಹಾಡ್ತಿದ್ದೆ, ಎದ್ದು ಬರ್ತಿದ್ದೆ, ಉಂಡು ಮಲಗ್ತಿದ್ದೆ. ನಿಮ್ಮ ದೊಡ್ಡವರಿಗೆಲ್ಲಿದೆ ಆ ಪುಣ್ಯ? ಅವರಿಗೆ ಮಂಗಳ ಹಾಡೋದೇ ಅವಮಾನ ಅಲ್ವೇ?"

ನಿಜ, ಕಿನ್ನರಿಕೋಟೆಯ ಪದ್ಧತಿ ಹಾಗಿತ್ತು. ಕಚೇರಿ ಮುಗಿಸಲು ಹಾಡುವ ಮಂಗಳವನ್ನು ಸಣ್ಣ ಹಾಡುಗಾರರಷ್ಟೇ ಹಾಡುತ್ತಿದ್ದರು. ದೊಡ್ಡವರು ಹಾಡಿದರೆ ಅಪಶಕುನ. ಜನ "ಇನ್ನೊಂದು! ಇನ್ನೊಂದು!" ಎಂದು ಕೂಗಬೇಕು, ಅವರು ಬಿದ್ದುಹೋಗುವವರೆಗೆ ಹಾಡಬೇಕು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

"ಮುಗಿಸದ ಹಾಡು ಬಾಗಿಲು ಹಾಕದ ಮನೆ ಕಣಮ್ಮ," ಎಂದ ಹಂಪಯ್ಯ. "ಯಾರು ಬೇಕಾದ್ರೂ ನುಗ್ತಾರೆ."

ಯಾರು ನುಗ್ಗುತ್ತಾರೆ? ಸಾಯುವ ಮೊದಲೇ ಸಾವಿನ ಕತೆ ಕಟ್ಟಿದವನು ಒಬ್ಬನೇ. ಚಾಗಲೆ ಸವಿನುಡಿಯ ಮನೆಯಿದ್ದ ಮರುದನಿ ಬೆಟ್ಟವನ್ನು ಹತ್ತತೊಡಗಿದಳು.

ರಾತ್ರಿಯೆಲ್ಲ ಹತ್ತಿ ಮಾರನೆಯ ದಿನ ತಲುಪಿದಾಗ ಮೊದಲ ಬಾಗಿಲಲ್ಲಿ ಬಿಳಿಯಾನೆ ನಿಂತಿತ್ತು. "ಸೋಯಿದೇವ ಹೇಗೆ ಸತ್ತ? ನನ್ನ ಕತೆ ಹೇಳು, ಒಳಗೆ ಬಿಡುತ್ತೇನೆ," ಎಂದಿತು. ಪಕ್ಕದಲ್ಲಿ, ಮೊದಲು ಅಲ್ಲಿಗೆ ಬಂದು ಆ ಕತೆ ಹೇಳಿದವರು ಸಾಲಾಗಿ ಕಲ್ಲಾಗಿ ನಿಂತಿದ್ದರು, ಎಲ್ಲರ ಕಣ್ಣಲ್ಲೂ ಕಲ್ಲಿನ ಕಣ್ಣೀರು. ಚಾಗಲೆ ಹೇಳಿದಳು: "ಅವನಿಗೆ ಜ್ವರವಿತ್ತು. ಗಂಟಲಿಂದ ರಕ್ತ ಬರ್ತಿತ್ತು. ನೀರು ಕೇಳಿದ. ಜನ ಇನ್ನೊಂದು ಹಾಡು ಕೇಳಿದರು." ಆನೆ ಗಂಜಿಯ ನೊರೆಯಂತೆ ಕುಸಿದು ಇಂಗಿಹೋಯಿತು.

ಎರಡನೆಯ ಬಾಗಿಲಲ್ಲಿ ಬೇತಾಳ ತಲೆಕೆಳಗಾಗಿ ನೇತಾಡುತ್ತಿತ್ತು. "ಜಕ್ಕಣಿ ಹೇಗೆ ಸತ್ತಳು? ನನ್ನ ಕತೆ ಹೇಳು," ಎಂದಿತು. "ಯಾವ ಬೇತಾಳವೂ ಅವಳ ಬೆರಳುಗಳಿಗೆ ಮಾಯೆ ಕೊಡಲಿಲ್ಲ," ಎಂದಳು ಚಾಗಲೆ. "ಬಾಲ್ಯದಿಂದ ನುಡಿಸಿ ನುಡಿಸಿ ಅವೇ ಗಟ್ಟಿಯಾಗಿದ್ದವು. ನಿದ್ದೆಯಿಲ್ಲದೆ ಊರೂರು ತಿರುಗಿ ದಾರಿಯಲ್ಲಿ ಬಿದ್ದಳು." ಬೇತಾಳ ಬಾವಲಿಯಾಗಿ ಕಿರುಚಿ ಹಾರಿಹೋಯಿತು.

ಮೂರನೆಯ ಬಾಗಿಲಲ್ಲಿ ಹಂಸವಿತ್ತು. ಅದು ಎಷ್ಟು ಚಂದವಿತ್ತೆಂದರೆ ಚಾಗಲೆಗೂ ಅರೆಗಳಿಗೆ ಅಳು ಬಂತು. "ಕೇತ ಹೇಗೆ ಸತ್ತ?" ಎಂದು ಅದು ಮೆಲ್ಲಗೆ ಕೇಳಿತು. "ಊರೆಲ್ಲ ಹೇಳಿಯಾಯಿತು. ನೀನೊಬ್ಬಳು ಹೇಳಿದರೆ ಮುಗಿಯಿತು."

"ಸತ್ತಿಲ್ಲ!" ಎಂದು ಚಾಗಲೆ ಕೂಗಿದಳು. "ಹಲ್ಲಿ ಕಂಡ್ರೆ ಹೆದರ್ತಾನೆ. ತಲೆ ಬಾಚು ಅಂದ್ರೆ ಜಗಳ ಆಡ್ತಾನೆ. ಹಪ್ಪಳ ಕದ್ದು ತಿಂತಾನೆ. ಸತ್ತಿಲ್ಲ, ಸತ್ತಿಲ್ಲ, ಸತ್ತಿಲ್ಲ!"

ಹಂಸದ ಗರಿಗಳೆಲ್ಲ ಉದುರಿದವು. ಗರಿಗಳ ಒಳಗೆ ಏನೂ ಇರಲಿಲ್ಲ.

ಬಾಗಿಲಾಚೆಯ ಕೋಣೆಯಲ್ಲಿ ಸೋರೆಬುರುಡೆಗಳು ತೂಗುತ್ತಿದ್ದವು. ಒಂದರೊಳಗೆ ಸೋಯಿದೇವ ನರಳುತ್ತಿದ್ದ, ಇನ್ನೊಂದರಲ್ಲಿ ವೀಣೆಯ ತಂತಿ ಮಿಡಿಯುತ್ತಿತ್ತು. ಇಬ್ಬರದೂ ಮುಗಿಯದ ಹಾಡು. ಮತ್ತೊಂದು ಬುರುಡೆ ಹೊಸದು. ಅದಕ್ಕೆ ಅರಮನೆಯ ಕಡೆಯಿಂದ ಕೂದಲೆಳೆಯಂಥ ಬೆಳಕು ಹರಿದು ಬರುತ್ತಿತ್ತು. ಅದು ಕೇತನ ಉಸಿರು. ಕಚೇರಿ ಆಗಲೇ ಶುರುವಾಗಿತ್ತು. ಕಲ್ಲಿನಿಂದ ಜಜ್ಜಿದಳು, ಬುರುಡೆ ಒಡೆಯಲಿಲ್ಲ. ಹಾಡಿನ ಬಾಗಿಲು ತೆರೆದಿಟ್ಟವರೇ ಅದನ್ನು ಹಾಕಬೇಕು ಎಂದು ಅವಳಿಗೆ ಹೊಳೆಯಿತು. ಬೆಟ್ಟ ಇಳಿದು ಓಡಿದಳು.

ಸಭೆ ಕಿಕ್ಕಿರಿದಿತ್ತು. ಕೇತನ ತುಟಿ ನೀಲಿಯಾಗಿತ್ತು. ಮುಂದಿನ ಸಾಲಲ್ಲಿ ಸವಿನುಡಿ ಮಾರಯ್ಯ ಕಣ್ಣು ಮುಚ್ಚಿ, ಜೇನು ಚಪ್ಪರಿಸುವವನಂತೆ ಕೂತಿದ್ದ. "ಇನ್ನೊಂದು! ಇನ್ನೊಂದು!" ಎಂದು ರಾಜನೂ ಕೂಗುತ್ತಿದ್ದ.

ಚಾಗಲೆ ವೇದಿಕೆಗೆ ಹಾರಿ ಮದ್ದಳೆ ಎಳೆದುಕೊಂಡಳು. ಮಂಗಳದ ತಾಳ ಬಾರಿಸಿದಳು.

"ಅಪಶಕುನ! ಎಳೆದು ಹಾಕಿ ಅವಳನ್ನ!" ಎಂದು ಸಭೆ ಎದ್ದು ನಿಂತಿತು.

ಕೇತ ಕೋಪದಿಂದ ತಿರುಗಿದ. "ಅಕ್ಕ, ಮಾನ ತೆಗೀತೀಯಾ? ಜನ ನನ್ನನ್ನ ಮರೆತುಬಿಡ್ತಾರೆ!"

"ಮರೀಲಿ!" ಎಂದಳು ಚಾಗಲೆ. ಕಣ್ಣೀರು ಮದ್ದಳೆಯ ಮೇಲೆ ಬೀಳುತ್ತಿತ್ತು, ಕೈ ನಿಲ್ಲಲಿಲ್ಲ. "ಅವರಿಗೆ ನಿನ್ನ ಕತೆ ಸಾಕು ಕಣೋ. ನನಗೆ ನೀನು ಬೇಕು."

ಕೇತ ಸಭೆಯನ್ನು ನೋಡಿದ. ಆಗಲೇ ಅಳಲು ಸೆರಗು ಸಿದ್ಧಮಾಡಿಕೊಂಡು ಕೂತ ಮುಖಗಳನ್ನು ನೋಡಿದ. ಮೊದಲ ಸಲ ಅವನಿಗೆ ಹೆದರಿಕೆಯಾಯಿತು. ಬಾಯಿ ತೆರೆದು ಮಂಗಳ ಹಾಡಿದ. ಸ್ವರ ಒಡೆದಿತ್ತು, ಅಲ್ಲಲ್ಲಿ ತಪ್ಪಿತು. ಆದರೂ ಕೊನೆಯ ಸಾಲಿನವರೆಗೆ ಹಾಡಿ ಮುಗಿಸಿ, ಕೈ ಮುಗಿದ.

ಮರುದನಿ ಬೆಟ್ಟದಲ್ಲಿ ಬುರುಡೆಗಳು ಪಟಪಟನೆ ಒಡೆದವು. ಸೋಯಿದೇವನ ಧ್ವನಿ ಗಾಳಿಯಲ್ಲಿ ಬಂತು, ತನ್ನ ಮಂಗಳ ಹಾಡಿ ನಿಂತಿತು. ಜಕ್ಕಣಿಯ ವೀಣೆ ಬಂತು, ತನ್ನ ಮಂಗಳ ನುಡಿಸಿ ನಿಂತಿತು. ಅಂದು ಊರು ಕತೆಗಾಗಿ ಅಳಲಿಲ್ಲ, ಸತ್ತ ತನ್ನ ಇಬ್ಬರು ಮಕ್ಕಳಿಗಾಗಿ ಅತ್ತಿತು. ಸವಿನುಡಿಯ ಮೈಗೆ ಕದ್ದ ವರ್ಷಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಒಂದು ಹಿಡಿ ಬೂದಿಯಾದ. ಬೆಟ್ಟದ ಮೇಲೆ ಕಲ್ಲಾದವರು ಕಣ್ಣೊರೆಸಿಕೊಂಡು ಇಳಿದು ಬಂದರು.

ಅಂದಿನಿಂದ ರಾಜನ ಆಜ್ಞೆಯಂತೆ ಕಿನ್ನರಿಕೋಟೆಯಲ್ಲಿ ಪ್ರತಿ ಕಚೇರಿಯೂ ಮಂಗಳದಿಂದ ಮುಗಿಯಿತು. ಕಲಾವಿದರು ಉಂಡರು, ಮಲಗಿದರು, ಮದುವೆಯಾದರು, ಬೊಜ್ಜು ಬೆಳೆಸಿದರು. ಕೇತನೂ ಬಹುಕಾಲ ಹಾಡಿದ, ಚೆನ್ನಾಗಿಯೂ ಹಾಡಿದ, ಕೆಟ್ಟದಾಗಿಯೂ ಹಾಡಿದ.

ಅವನು ತುಂಬು ಮುದುಕನಾಗಿ ತೀರಿಕೊಂಡ ದಿನ, ಊರಿನವರು ಅವನಿಗಿಂತಲೂ ಮುದುಕಿಯಾಗಿದ್ದ ಚಾಗಲೆಯ ಬಳಿ ಬಂದು ಮೆಲ್ಲಗೆ ಕೇಳಿದರು: "ಅವ್ವಾ, ಏನು ಬಂದು ಕರ್ಕೊಂಡು ಹೋಯ್ತು?"

"ಏನೂ ಬರಲಿಲ್ಲ. ವಯಸ್ಸಾಗಿತ್ತು, ಹೋದ," ಎಂದಳು ಚಾಗಲೆ. "ರಾತ್ರಿ ಎರಡು ಹಪ್ಪಳ ಜಾಸ್ತಿ ತಿಂದಿದ್ದ."